ಎಡಗಡೆಯ ಎರಡು ಸೊನ್ನೆ

ಶಾಂತಕ್ಕನ ಗಂಡ ದುಡ್ಡು ಕಳಿಸಿದ್ದ. ಅದು ಆಕೆಗೆ ಮುಟ್ಟದೆ ಹೋದದ್ದು ನನ್ನಿಂದ. ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ — ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಸುತ್ತಿ ಬಳಸಿ ಮತ್ತೆ ನಾನೇ ಒಳ್ಳೆಯವನಾಗಿಬಿಡುತ್ತೇನೆ.

ಆಗ ನಾನು ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೆ. ದೇವಿಕೊಪ್ಪದಲ್ಲಿ ನಮ್ಮ ಬಾಜು ಮನೆ ಶಾಂತಕ್ಕನದು. ಗಂಡ ಬಸಣ್ಣ ಮಸ್ಕತ್ತಿನಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದ. ಅಕ್ಕನಿಗೆ ಓದು ಬರಹ ಬಾರದು. ಅವನ ಪತ್ರ ಓದಿ ಹೇಳುವವನೂ ಉತ್ತರ ಬರೆಯುವವನೂ ನಾನೇ. ದಿನಚರಿ ಇಡುವ ಹುಡುಗ, ಹಾಲಿನ ಲೆಕ್ಕದಿಂದ ಬಸ್ಸಿನ ವೇಳೆಯವರೆಗೆ ಎಲ್ಲ ಬರೆದಿಡುತ್ತಾನೆ ಎಂದು ಓಣಿಯಲ್ಲಿ ನನಗೆ ಹೆಸರಿತ್ತು. ಆ ಹೆಸರೆಂದರೆ ನನಗೆ —

ಇರಲಿ. ಅದುವರೆಗೆ ಊರಿಗೆ ಬರುವವರ ಕೈಯಲ್ಲಿ ದುಡ್ಡು ಕೊಡುತ್ತಿದ್ದ ಬಸಣ್ಣ, ಇನ್ನು ಬ್ಯಾಂಕಿನಿಂದಲೇ ಕಳಿಸುತ್ತೇನೆ, ಶಾಖೆಯ ಕೋಡ್ ನಂಬರ್ ತಿಳಿಸಿ ಎಂದು ಬರೆದ. ಅಕ್ಕ ಕಲಘಟಗಿಯ ಬ್ಯಾಂಕಿಗೆ ಹೋಗಿ ಗುಮಾಸ್ತರಿಂದ ಚೀಟಿಯಲ್ಲಿ ಬರೆಸಿಕೊಂಡು ಬಂದಳು. ಐದು ಅಂಕಿ, ಮೊದಲಿನವೆರಡು ಸೊನ್ನೆ. ನಾನು ಉಳಿದ ಮೂರನ್ನಷ್ಟೇ ಬರೆದೆ. ಆ ಚೀಟಿಯನ್ನೇ ಪತ್ರದೊಳಗಿಟ್ಟು ಕಳಿಸೋಣವೇ ಎಂದು ಆಕೆ ಕೇಳಿದಳು.

"ಬ್ಯಾಡಕ್ಕಾ, ಎಡಕಿನ ಸೊನ್ನಿಗೆ ಕಿಮ್ಮತ್ತಿಲ್ಲ" ಅಂದೆ.

"ನಮ್ಮತ್ತಿ ಮನ್ಯಾಗ ನಾ ಇದ್ದಂಗ ಅನ್ನು" ಎಂದು ನಕ್ಕಳು.

ಎರಡು ತಿಂಗಳಾದರೂ ದುಡ್ಡು ಬರಲಿಲ್ಲ. ಬಸಣ್ಣ ರಸೀದಿ ಕಳಿಸಿ, ಮುಟ್ಟಿತೇ ಎಂದು ಕೇಳಿದ. ಅದನ್ನು ಹಿಡಿದು ಬ್ಯಾಂಕಿಗೆ ಹೋದವನು ನಾನೊಬ್ಬನೇ. ರಸೀದಿ ನೋಡಿದರೆ, ನಂಬರು ಮೂರೇ ಅಂಕಿ ಇದ್ದುದಕ್ಕೆ ಮಸ್ಕತ್ತಿನ ಬ್ಯಾಂಕಿನವರು ಕೊನೆಗೆ ಎರಡು ಸೊನ್ನೆ ಹಚ್ಚಿ ಐದು ಮಾಡಿದ್ದರು. ಅದು ಬೇರೆ ಯಾವುದೋ ಊರಿನ ಶಾಖೆಯ ನಂಬರು.

"ಇದು ಲೆಕ್ಕದ ಸಂಖ್ಯಾ ಅಲ್ರೀ, ನಮ್ಮ ಶಾಖಾದ ಹೆಸರಿದ್ದಂಗ" ಎಂದರು ಗುಮಾಸ್ತರು. "ಯಾರ್ ಬರದ್ರಿ ಇದನ್ನ?"

"ಅಲ್ಲಿಯವರ ತಪ್ಪ ಬರದಿರಬೇಕ್ರಿ" ಅಂದೆ.

ಮುಂಬಯಿಯ ಮುಖ್ಯ ಕಚೇರಿಗೆ ಬರೆಯುತ್ತೇವೆ, ವೇಳೆ ಹಿಡಿಯುತ್ತದೆ ಎಂದರು. ಅಕ್ಕನಿಗೆ ನಾನು ಹೇಳಿದ್ದು ಒಂದೇ ಮಾತು — ದುಡ್ಡು ಬ್ಯಾಂಕಿಗೆ ಬಂದಿಲ್ಲ. ಸುಳ್ಳೇನಲ್ಲ! ಅಂದು ಇದೇ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಬಸಣ್ಣ ಅಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದಾನೆಂದು ನಳದ ಹತ್ತಿರ ಹೆಂಗಸರು ಆಗಲೇ ಆಡಿಕೊಳ್ಳುತ್ತಿದ್ದರು. ಅಂದು ಸಂಜೆ ಅಕ್ಕ ಬಂದು ಕೂತಳು.

"ಬ್ಯಾರೆ ಮನಿ ಮಾಡಿದ್ರ ಹೇಳಿಬಿಡ್ರಿ, ಸುಳ್ಳ ರಸೀದಿ ಕಳಸಬ್ಯಾಡ್ರಿ — ಅಂತ ಬರಿ."

ಪೆನ್ನು ನಿಂತಿತು. ಆಮೇಲೆ ಬರೆದೆ. ಒಂದು ಒತ್ತಕ್ಷರ ತಪ್ಪಿತ್ತು, ಅದನ್ನೂ ತಿದ್ದಿದೆ.

ಮುಂದೆ ದುಡ್ಡು ಬಂತು. ಬಂದ ದಿನವೇ ಅಕ್ಕ ಮತ್ತೆ ಪತ್ರ ಬರೆಸಿದಳು — ತನ್ನ ಬಾಯಿಗೆ ಬೆಂಕಿ ಬೀಳಲಿ, ತಪ್ಪಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ ಎಂದು. ನನ್ನ ತಪ್ಪಿಗೆ ಆಕೆ ಕೇಳಿದ ಕ್ಷಮೆಯನ್ನೂ ನಾನೇ ಬರೆದೆ, ಅದೇ ದುಂಡನೆಯ ಅಕ್ಷರದಲ್ಲಿ.

ಬಸಣ್ಣ ಎರಡಕ್ಕೂ ಉತ್ತರ ಬರೆಯಲಿಲ್ಲ. ಕರಾರು ಮುಗಿಯುವ ಮೊದಲೇ ಬಂದುಬಿಟ್ಟ. ಈಗ ಕಲಘಟಗಿಯಲ್ಲಿ ಅವನ ಸಣ್ಣ ಅಂಗಡಿಯಿದೆ. ಸಂತೆಗೆಂದು ಹೆಂಡತಿಯ ಕೈಗೆ ದುಡ್ಡು ಕೊಡುವಾಗ, ಮಂದಿ ಇದ್ದರಂತೂ, "ರಸೀದಿ ಬೇಕೇನು?" ಅನ್ನುತ್ತಾನೆ. ಮಂದಿ ನಗುತ್ತಾರೆ. ಮೊದಮೊದಲು ಅಕ್ಕನೂ ನಗುತ್ತಿದ್ದಳು. ಈಗ ಎದ್ದು ಒಳಗೆ ಹೋಗುತ್ತಾಳೆ.

ಇಷ್ಟು ವರ್ಷ ಯಾರು ಯಾರನ್ನು ಬೈದಿಲ್ಲ ನಾನು — ಕೇಳದೆ ಸೊನ್ನೆ ಹಚ್ಚಿದ ಮಸ್ಕತ್ತಿನವನನ್ನು, ತಡಮಾಡಿದ ಬ್ಯಾಂಕನ್ನು, ನಳದ ಹೆಂಗಸರನ್ನು. ಸಾಕಾಗಿದೆ. ಅಕ್ಕ ರಸೀದಿ ಸುಳ್ಳೆಂದು ಬರೆಸಿದ ಸಂಜೆ ಆ ಕೋಣೆಯಲ್ಲಿ ನಿಜ ಗೊತ್ತಿದ್ದವನು ನಾನೊಬ್ಬನೇ ಇದ್ದೆ.

ಭಾನುವಾರ ಬಸಣ್ಣ ಮನೆಯಲ್ಲಿರುತ್ತಾನೆ. ಅಕ್ಕನೊಬ್ಬಳಿಗೆ ಹೇಳಿ ಬರಬಹುದು — ಆಕೆ ಕ್ಷಮಿಸಿಬಿಡುತ್ತಾಳೆ, ನನಗೂ ಅದು ಸಲೀಸು. ಬೇಡ. ಮೊದಲು ಅವನಿಗೇ ಹೇಳುತ್ತೇನೆ, ಆಕೆಯ ಎದುರಿಗೆ. ಆಮೇಲೆ ಆಕೆ ಏನಂದರೂ ಕೂತು ಕೇಳುತ್ತೇನೆ.