ಕುಲಿಪಾ ಹಂತ ಕಲಿತದ್ದು

ನಾರಿನ್ ನದಿ ದಂಡೆಯ ಆ ಹಳ್ಳಿಯಲ್ಲಿ ಉಣ್ಣೆಯ ಹಾಸು ಬೇಕಾದವರೆಲ್ಲ ಕುಲಿಪಾಳ ಮನೆಗೇ ಬರುತ್ತಿದ್ದರು. ಅಳತೆಪಟ್ಟಿ ಮುಟ್ಟದೆ, ಕಣ್ಣಂದಾಜಿನಲ್ಲೇ ಕತ್ತರಿ ಆಡಿಸುವ ಹೆಂಗಸು. ಚಿಕ್ಕಂದಿನಲ್ಲಿ ಗಣಿತದ ಪೀರಿಯಡ್ಡಿಗೆಲ್ಲ ಕುರಿಗಳ ನೆಪ ಹೇಳಿ ತಪ್ಪಿಸಿಕೊಂಡವಳಿಗೆ ಈಗ ವಯಸ್ಸು ಅರವತ್ತೊಂದು.

ಒಂದು ಸಂಜೆ ಮೊಮ್ಮಗಳು ಬೇಗಿಮಾಯ್ ಹೋಂವರ್ಕ್ ಮುಂದಿಟ್ಟುಕೊಂಡು ಮೂಗು ಎಳೆಯುತ್ತಿದ್ದಳು. ಆಯತಾಕಾರದ ತೋಟ, ಸುತ್ತಳತೆ ಇಪ್ಪತ್ತಾರು ಮೀಟರ್, ಉದ್ದವು ಅಗಲಕ್ಕಿಂತ ಮೂರು ಹೆಚ್ಚು. ಉದ್ದವೆಷ್ಟು, ಅಗಲವೆಷ್ಟು?

“ಎಂಟು, ಐದು. ಬರ್ಕೋ,” ಎಂದಳು ಕುಲಿಪಾ, ಸೂಜಿಯಿಂದ ಕಣ್ಣು ಕೀಳದೆ.

ಮರುದಿನ ಹುಡುಗಿ ಐದಕ್ಕೆ ಎರಡು ಅಂಕ ಹೊತ್ತು ತಂದಳು. ಎರಡೆಂದರೆ ಫೇಲು. ಕೆಳಗೆ ಕೆಂಪು ಶಾಯಿಯಲ್ಲಿ: ‘ಉತ್ತರ ಸರಿ. ಹಂತಗಳೆಲ್ಲಿ?’

ಕುಲಿಪಾ ಕೈಯಲ್ಲಿದ್ದ ಕತ್ತರಿಯ ಸಮೇತ ಶಾಲೆಗೆ ನುಗ್ಗಿದಳು. “ಏನಮ್ಮಾ ನುರ್ಜಾತ್, ಹೊಸ್ತಿಲು ದಾಟೋಕೂ ಏಣಿ ಹಾಕ್ಬೇಕಾ?”

ನುರ್ಜಾತ್ ವರ್ಷದ ಹಿಂದಷ್ಟೇ ಕೆಲಸಕ್ಕೆ ಸೇರಿದ ಮೇಡಂ. ಕತ್ತರಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದರೂ ಸೋಲಲಿಲ್ಲ. “ಕೂತ್ಕೊಳ್ಳಿ ಆಪಾ. ಸುತ್ತಳತೆ ಐವತ್ತು. ಅಗಲದ ಮೂರರಷ್ಟರಲ್ಲಿ ಏಳು ಕಳೆದ್ರೆ ಉದ್ದ. ಹೇಳಿ ನೋಡೋಣ.”

ಕುಲಿಪಾ ಕಣ್ಣು ಕಿರಿದು ಮಾಡಿದಳು. “ಹದಿನಾರು, ಒಂಬತ್ತು.”

“ಒಂಬತ್ತರ ಮೂರರಷ್ಟು ಇಪ್ಪತ್ತೇಳು. ಏಳು ಕಳೆದ್ರೆ ಇಪ್ಪತ್ತಾಗತ್ತಲ್ಲ ಆಪಾ, ಹದಿನಾರೆಲ್ಲಿ ಬಂತು?”

ಕುಲಿಪಾಳ ಕಿವಿ ಕೆಂಪಾಯಿತು. ನುರ್ಜಾತ್ ಸೀಮೆಸುಣ್ಣ ತೆಗೆದುಕೊಂಡಳು. ಅಗಲ ‘ಅ’ ಇರಲಿ. ಉದ್ದ ಮೂರು ಅ, ಅದರಲ್ಲಿ ಏಳು ಕಡಿಮೆ. ಎರಡೂ ಸೇರಿದರೆ ಸುತ್ತಳತೆಯ ಅರ್ಧ, ಇಪ್ಪತ್ತೈದು. ಅಂದರೆ ನಾಲ್ಕು ಅ-ದಲ್ಲಿ ಏಳು ಕಳೆದರೆ ಇಪ್ಪತ್ತೈದು. ಆ ಏಳನ್ನು ಮರಳಿ ಕೂಡಿಸಿದರೆ ನಾಲ್ಕು ಅ ಮೂವತ್ತೆರಡು. ಒಂದು ಅ ಎಂಟು. ಉದ್ದ ಹದಿನೇಳು.

“ಅಯ್ಯೋ, ಇಷ್ಟೇನಾ! ಇದನ್ನ ಆಗ್ಲೇ ಯಾರಾದ್ರೂ ಹೀಗೆ ಹೇಳಿದ್ರೆ ನಾನ್ಯಾಕೆ ಕುರಿ ಹಿಂದೆ ಹೋಗ್ತಿದ್ದೆ?”

ಮಾರನೆಯ ದಿನದಿಂದ ಏಳನೇ ತರಗತಿಯ ಹಿಂದಿನ ಬೆಂಚಿನಲ್ಲಿ ಹೂವಿನ ರುಮಾಲು ಕಟ್ಟಿದ ತಲೆಯೊಂದು ಕಾಣಿಸಿಕೊಂಡಿತು. ಬಾಯಿ ಮಾತ್ರ ಸುಮ್ಮನಿರದು. ಪಕ್ಕದ ಹುಡುಗಿಯರಿಗೆ ಉತ್ತರ ಪಿಸುಗುಟ್ಟಿ, ಮೂರನೆಯ ದಿನವೇ ಅವರ ಜೊತೆ ಕಾರಿಡಾರಿನಲ್ಲಿ ನಿಂತಳು. ಬೇಗಿಮಾಯ್ ನಾಚಿಕೆಯಿಂದ ಮೇಜಿನ ಕೆಳಗೆ ತೂರಿಕೊಂಡಳು.

ಮನೆಯಲ್ಲಿ ಗಂಡ ಅಸಾನ್‌ಕುಲ್ “ಚಹಾ ಯಾಕಿನ್ನೂ ಬಂದಿಲ್ಲ?” ಎಂದರೆ, “ತಡಿ ಮುದುಕಾ, ಮೊದಲನೇ ಹಂತದಲ್ಲಿ ನೀರು ಕಾಯ್ತಿದೆ,” ಎನ್ನುವಳು.

ಮೇ ತಿಂಗಳ ಪರೀಕ್ಷೆಯನ್ನೂ ಹಟ ಹಿಡಿದು ಬರೆದಳು. ಐದಕ್ಕೆ ನಾಲ್ಕು ಬಂತು. ಹಂತಗಳೆಲ್ಲ ಸರಿಯಿದ್ದವು, ಆದರೆ ಕೊನೆಯಲ್ಲಿ ಹೊಲದ ಅಗಲವನ್ನು ಮೀಟರಿನ ಬದಲು ‘ಹನ್ನೆರಡು ಗೇಣು’ ಎಂದು ಬರೆದಿದ್ದಳು.

“ಹನ್ನೆರಡು ಗೇಣಿನ ಹೊಲದಲ್ಲಿ ನಿಮ್ಮ ಕುರಿಹಿಂಡು ಮಲಗೋಕೂ ಜಾಗ ಸಾಲಲ್ಲ ಆಪಾ,” ಎಂದು ನುರ್ಜಾತ್ ನಕ್ಕಳು.

ಕುಲಿಪಾ ಆ ಹಾಳೆಯನ್ನು ಮನೆಯ ಗೋಡೆಗೆ, ಎಲ್ಲರ ಕಣ್ಣಿಗೆ ಬೀಳುವ ಕಡೆ ಅಂಟಿಸಿದಳು.

“ಅಲ್ಲಿದ್ದ ನನ್ನ ಮಿಲಿಟರಿ ಫೋಟೋ ಎಲ್ಲಿ?” ಎಂದ ಅಸಾನ್‌ಕುಲ್.

“ಪೆಟ್ಟಿಗೇಲಿದೆ. ನೀನೂ ನಾಲ್ಕು ತಗೊಂಡು ಬಾ, ಪಕ್ಕದಲ್ಲೇ ಹಾಕ್ತೀನಿ.”