ಗೋಡೆಗಳ ನಡುವೆ ಮುರಿದ ಸಾಲು

ಸತ್ತವರಿಗೆ ಏನೂ ಕೇಳಿಸದೆಂದು ವಾದಿಸುವವನು ಸತ್ತವನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆ? ತೀರ್ಪು ನಿಮ್ಮದು.

ನಾನು ಮತ್ತು ನನ್ನ ಗೆಳೆಯ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಜೋಡಿ; ಮೂಢನಂಬಿಕೆಯ ವಿರುದ್ಧ ಊರೂರು ತಿರುಗಿ ಮಾತನಾಡಿದವರು. ಮುಂದೆ ಅವನು ತರೀಕೆರೆಯಲ್ಲಿ, ನಾನು ಕಡೂರಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದೆವು. ಕಳೆದ ವರ್ಷ ಅವನ ಹೃದಯ ಇದ್ದಕ್ಕಿದ್ದಂತೆ ನಿಂತಿತು.

ಅಜ್ಜಂಪುರದ ಅವನ ಹೊಲದಲ್ಲಿ ತಿಥಿಯ ದಿನ ಎಡೆ ಇಟ್ಟು ಎಲ್ಲರೂ ದೂರ ನಿಂತೆವು. ಕಾಗೆಗಳು ಬೇವಿನ ಮರದಲ್ಲಿದ್ದವು; ಒಂದೂ ಇಳಿಯಲಿಲ್ಲ. ಕಾಗೆ ಎಡೆ ಮುಟ್ಟದಿದ್ದರೆ ಹೋದವರ ಆಸೆ ಏನೋ ಉಳಿದಿದೆಯೆಂದು ನಮ್ಮ ಕಡೆಯ ನಂಬಿಕೆ. ಅದನ್ನು ನೆರವೇರಿಸುವುದಾಗಿ ಯಾರಾದರೂ ಬಾಯಿಬಿಟ್ಟು ಹೇಳಬೇಕು. ಮಗಳ ಓದು, ತಾಯಿಯ ಔಷಧ, ಎಲ್ಲವನ್ನೂ ಹೇಳಿದ್ದಾಯಿತು.

"ಲೇ, ಆ ಮೇಷ್ಟ್ರನ್ನ ಮುಂದಕ್ಕೆ ಬಿಡ್ರೋ," ಎಂದು ಅವನ ದೊಡ್ಡಪ್ಪ ಗದರಿದರು. "ಮೈಕ್ ಸಿಕ್ರೆ ಬಿಡಲ್ಲ, ಕಾಗೆ ಮುಂದೆ ಬಾಯಿ ಕಟ್ಟೋಯ್ತೇನಪ್ಪಾ?"

ಅವನ ಹೆಂಡತಿ ನನ್ನ ಬಳಿ ಬಂದರು. "ಅಣ್ಣಾ, ಕಂಪ್ಯೂಟರ್‌ನಾಗೆ ಅರ್ಧ ಬಿಟ್ಟೋಗಿದಾರಲ್ಲ, ಅದನ್ನ ಮುಗಿಸ್ತೀನಿ ಅನ್ನಿ. ದಿನಾ ಅದೇ ಮಾತಾಡ್ತಿದ್ರು."

ಅಂದೆ. ಕಾಗೆ ಇಳಿಯಿತು. ಅದಕ್ಕೆ ಹಸಿವಾಗಿತ್ತೆಂದು ಈಗಲೂ ವಾದಿಸಬಲ್ಲೆ.

ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಒಂದೇ ಪದರದಲ್ಲಿ ದಟ್ಟವಾಗಿಸಿದರೆ ಅವು ಒಂದನ್ನೊಂದು ತಳ್ಳುತ್ತ, ತಾವಾಗಿಯೇ ಸಾಲುಗಟ್ಟಿ ಸ್ಫಟಿಕವಾಗುತ್ತವೆ. ಅದನ್ನೇ ಅವನು ಕಂಪ್ಯೂಟರಿನಲ್ಲಿ ಅನುಕರಿಸಿದ್ದ: ಎರಡು ಗೋಡೆಗಳು, ನಡುವೆ ಚುಕ್ಕಿಗಳ ಸಾಲುಗಳು. ಗೋಡೆಗಳನ್ನು ಹತ್ತಿರ ತರುತ್ತ ಹೋದಂತೆ ಒಂದು ಹಂತದಲ್ಲಿ ಒಂದು ಸಾಲು ಮುರಿದು, ಅದರ ಕಣಗಳು ಉಳಿದ ಸಾಲುಗಳೊಳಗೆ ನುಗ್ಗುತ್ತವೆ. ಕಣಗಳೆಲ್ಲ ಅಲ್ಲೇ ಇರುತ್ತವೆ, ಸಾಲು ಇರುವುದಿಲ್ಲ. ಉಳಿದವು ಮಾತ್ರ ಅಲ್ಲಲ್ಲಿ ಬಾಗಿರುತ್ತವೆ, ಒಳಗೆ ಯಾರನ್ನೋ ಬಚ್ಚಿಟ್ಟುಕೊಂಡಂತೆ. ಯಾವ ಸಾಲು ಮುರಿಯುವುದೆಂದು ಒಮ್ಮೆ ಓಡಿಸಿ ನೋಡಿ, ಅದಕ್ಕೆ ಅವನು ಮೊದಲೇ ಕೆಂಪು ಬಣ್ಣ ಕೊಟ್ಟಿದ್ದ. ಗೋಡೆಗಳನ್ನು ಹಿಂದಕ್ಕೆ ಸರಿಸಿದರೆ ಸಾಲು ಮರಳುವುದೇ? ಆ ಅರ್ಧ ಬಾಕಿಯಿತ್ತು.

ತರೀಕೆರೆಯಲ್ಲಿ ಅವನು ಇದನ್ನು ಮಾಡುತ್ತಿದ್ದ ಲ್ಯಾಬಿನ ಕಂಪ್ಯೂಟರುಗಳನ್ನೆಲ್ಲ ಅಳಿಸಿ ಹೊಸ ಕೋರ್ಸಿಗೆ ಸಜ್ಜುಮಾಡುವುದು ನಿಶ್ಚಯವಾಯಿತು. ಅಳಿಸುವ ಹಿಂದಿನ ದಿನ ಮಧ್ಯಾಹ್ನ ಅವನ ಹೆಂಡತಿಯನ್ನೂ ಕರೆದೊಯ್ದೆ. ಅವನ ಕುರ್ಚಿಯಲ್ಲಿ ಕೂರಲಾರದೆ ನಿಂತೇ, ಗೋಡೆಗಳು ಹಿಂದಕ್ಕೆ ಸರಿಯುವಂತೆ ಪ್ರೋಗ್ರಾಮ್ ಓಡಿಸಿದೆ. ಸಾಲು ಮುರಿದಿದ್ದ ಅಗಲಕ್ಕೆ ಗೋಡೆಗಳು ಬಂದವು, ಏನೂ ಆಗಲಿಲ್ಲ. ಇನ್ನಷ್ಟು ಸರಿದವು. ಚುಕ್ಕಿಗಳು ಬಾಗಿದಲ್ಲೇ ನಡುಗುತ್ತಿದ್ದವು. ಬೆನ್ನ ಹಿಂದೆ ಯಾರೋ ಬಂದು ನಿಂತಂತೆನಿಸಿ ತಿರುಗಿದೆ. ಅದೇ ಗಳಿಗೆಯಲ್ಲಿ ಅವರೂ ತಿರುಗಿದರು. ಮತ್ತೆ ಪರದೆ ನೋಡುವಷ್ಟರಲ್ಲಿ ಸಾಲು ಕೂಡಿತ್ತು.

"ಬಂತು ಕಣ್ರೀ," ಎಂದು ಅವರು ಖಾಲಿ ಕುರ್ಚಿಗೆ ಹೇಳಿದರು. ಆಮೇಲೆ ನನ್ನತ್ತ ನೋಡಿ, "ಅಣ್ಣಾ, ಕೆಂಪಿನವೆಲ್ಲಾ ಬರ್ಲಿಲ್ವಲ್ಲ?"

"ಇಲ್ಲ ಕಣಮ್ಮ. ಕೆಲವು ಪಕ್ಕದ ಸಾಲಲ್ಲೇ ಉಳ್ಕಂಡ್ವು."

ಅವರು ಅವುಗಳನ್ನು ಬೆರಳಿಂದ ಮುಟ್ಟಿ ನೋಡಿದರು. ಬಹಳ ಹೊತ್ತು ನಾನು ಯಂತ್ರ ಆರಿಸಲಿಲ್ಲ.

ನಿಮ್ಮ ಕಚೇರಿಯಲ್ಲೋ ಶಾಲೆಯಲ್ಲೋ ತೀರಿಕೊಂಡವರೊಬ್ಬರ ಕಂಪ್ಯೂಟರ್ ಇದ್ದರೆ, ಅಳಿಸುವ ಮೊದಲು ದಯವಿಟ್ಟು ಅವರ ಮನೆಯವರನ್ನು ಕರೆದು, ಒಮ್ಮೆ ತೆರೆದು ನೋಡಿ. ಅರ್ಧಕ್ಕೆ ನಿಂತ ಕೆಲಸವಿದ್ದರೆ ಮುಗಿಸಿಕೊಡಿ.