ಕೊರಳಪಟ್ಟಿಯ ಮೂರು ಚುಕ್ಕಿ

ನಮ್ಮ ಸೀಮೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಬೇಸಿಗೆಯಲ್ಲಿ ನನ್ನ ಮದುವೆಯಾಯಿತು. ಹುಣಸಗಿಯಿಂದ ಶಹಾಪುರಕ್ಕೆ ಸೊಸೆಯಾಗಿ ಬಂದೆ. ಅದೇ ತಿಂಗಳು ನಮ್ಮ ಮನೆಯವರಿಗೆ ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. "ಸೊಸಿ ಕಾಲ್ಗುಣ ಛಲೋ ಐತಿ" ಎಂದು ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ಆ ಸಿಹಿ ಬಹಳ ದಿನ ಉಳಿಯಲಿಲ್ಲ.

ಇವರ ಕತ್ತಿನ ಹಿಂದೆ ಮೊದಲು ತುರಿಕೆ, ಆಮೇಲೆ ಗುಳ್ಳೆ, ಕೊನೆಗೆ ನೀರು ಸೋರುವ ಹುಣ್ಣು. ನಾನೇ ಬೇವಿನ ಸೊಪ್ಪು ಅರೆದು ಹಚ್ಚುತ್ತಿದ್ದೆ. ಪಂಚಮಿಗೆಂದು ತವರಿಗೆ ಹೋದೆ. ನಾನಿಲ್ಲದಾಗ ಹುಣ್ಣು ಆರಿತು. ತಿರುಗಿ ಬಂದೆ, ಮತ್ತೆ ಕೆರಳಿತು. ಇನ್ನೇನು ಬೇಕು?

"ಇಕಿ ಮದ್ದ ಹಾಕ್ಯಾಳ" ಎಂದಳು ಪಕ್ಕದ ಮನೆಯಾಕೆ. ಗಂಡನನ್ನು ಕೈವಶ ಮಾಡಿಕೊಳ್ಳಲು ಹೆಂಡತಿ ಊಟದಲ್ಲಿ ಏನನ್ನೋ ಬೆರೆಸುತ್ತಾಳೆಂಬ ನಂಬಿಕೆ ನಮ್ಮ ಕಡೆ ಗಟ್ಟಿ. ಅತ್ತೆ ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ಬಡಿಸುವುದಷ್ಟೇ ನನ್ನ ಪಾಲಿಗೆ ಉಳಿಯಿತು. ಬಡಿಸಿದರೆ ಇವರ ಕೈ ತಟ್ಟೆಯ ಮೇಲೇ ನಿಲ್ಲುತ್ತಿತ್ತು. ತಾಯಿಯ ಮುಖ ನೋಡುವರು, ಆಕೆ ತಲೆಯಾಡಿಸಿದ ಮೇಲೆ ತುತ್ತು ಮುರಿಯುವರು.

ಒಂದು ದಿನ ನನಗೆ ತಡೆಯಲಾಗಲಿಲ್ಲ. ಇವರ ತಟ್ಟೆಯ ರೊಟ್ಟಿ ಕಿತ್ತುಕೊಂಡು ಎದುರಿಗೇ ತಿಂದೆ. "ನೋಡ್ರಿ, ನಂಗೇನರ ಆತೇನು?"

"ಅದು ಗಂಡಗಷ್ಟ ಹತ್ತತೈತಿ" ಎಂದರು ಅತ್ತೆ.

ಸಂಶಯ ನನಗೂ ಅಂಟಿತು. ನನ್ನನ್ನು ಓಡಿಸಲು ಅತ್ತೆಯೇ ಇವರ ಕತ್ತಿಗೆ ಏನಾದರೂ ಹಚ್ಚುತ್ತಿದ್ದಾರೆಯೇ ಎಂದು ಅವರ ಕೈಯನ್ನೇ ಕಾಯುತ್ತಿದ್ದೆ. ಅಷ್ಟರಲ್ಲಿ, ಮಗಳನ್ನು ಕರೆದುಕೊಂಡು ಹೋಗಿ ಎಂದು ನಮ್ಮ ಅಪ್ಪನಿಗೆ ಹೇಳಿ ಕಳಿಸಿಯೂ ಆಗಿತ್ತು. ತಿರುಗಿ ಕರೆಸುವ ಮಾತಿರಲಿಲ್ಲ.

ಅಪ್ಪ ಬರುವ ಹಿಂದಿನ ದಿನ ದೋಬಿ ಬಟ್ಟೆ ತಂದುಕೊಟ್ಟ. ಇವರ ಅಂಗಿ ಎತ್ತಿಡುವಾಗ ಕೊರಳಪಟ್ಟಿಯ ಒಳಗೆ ಅವನ ಗುರುತು ಕಣ್ಣಿಗೆ ಬಿತ್ತು. ಬಟ್ಟೆ ಅದಲುಬದಲಾಗದಿರಲೆಂದು ಕೇರುಬೀಜದ ರಸದಿಂದ ಹಾಕಿದ ಕಪ್ಪು ಗುರುತು: ಮೂರು ಚುಕ್ಕಿ, ಕೆಳಗೊಂದು ಗೆರೆ. ಎಷ್ಟೋ ದಿನದಿಂದ ನಾನು ಬೇವು ಹಚ್ಚುತ್ತಿದ್ದುದೂ ಮೂರು ಗುಳ್ಳೆಗೆ, ಕೆಳಗಿನ ಒಂದು ಗೆರೆಗೆ!

ಕಚೇರಿಯಿಂದ ಬಂದವರ ಕೊರಳಪಟ್ಟಿ ಹಿಡಿದು ತಿರುಗಿಸಿ ಅತ್ತೆಗೆ ತೋರಿಸಿದೆ. ನೌಕರಿ ಸಿಕ್ಕ ಮೇಲೇ ಇವರ ಬಟ್ಟೆ ದೋಬಿಗೆ ಹೋಗುತ್ತಿದ್ದುದು. ಪಂಚಮಿಯಲ್ಲಿ ದೋಬಿಯೂ ಊರಿಗೆ ಹೋಗಿದ್ದ, ಇವರು ಮನೆಯಲ್ಲಿ ಒಗೆದ ಹಳೆಯ ಅಂಗಿಯಲ್ಲೇ ಕಚೇರಿಗೆ ಹೋಗಿದ್ದರು. ಅತ್ತೆ ನಂಬಲಿಲ್ಲ. ಮರುದಿನ ಬಂದ ಅಪ್ಪನನ್ನೂ ಕರೆದುಕೊಂಡು ಎಲ್ಲರೂ ಯಾದಗಿರಿಯ ಡಾಕ್ಟರ ಹತ್ತಿರ ಹೋದೆವು.

"ಈ ರಸ ಎಷ್ಟೋ ಮಂದಿಗೆ ಏನೂ ಮಾಡಂಗಿಲ್ರಿ" ಎಂದರು ಡಾಕ್ಟರು. "ಮೈಯಾಗ ರೋಗ ಬರದಂಗ ಕಾಯೋ ಪಹರೆದವರು ಇರ್ತಾರ. ನಿಮ್ಮ ಮೈಯಾಗಿನ ಪಹರೆದವರು ಈ ರಸಾನ ವೈರಿ ಅಂತ ತಿಳಕೊಂಡಾರ. ವೈರಿನ್ನ ಹೊಡೀತೀವಂತ ನಿಮ್ಮ ತೊಗಲನ್ನ ಸುಡಾಕತ್ತಾರ. ಮೊದಲನೇ ಸಲ ಗುರುತಷ್ಟ ಹಿಡೀತಾರ. ಆಮ್ಯಾಲೆ ಮರಿಯಂಗಿಲ್ಲ."

"ಹಂಗಾದ್ರ ಇಕಿದೇನೂ ತಪ್ಪಿಲ್ಲೇನ್ರಿ?" ಅತ್ತೆ ಕೇಳಿದರು.

"ಇಕಿ ಯಾರ್ರಿ?" ಎಂದರು ಡಾಕ್ಟರು.

ಅಪ್ಪ ಒಬ್ಬರೇ ಊರಿಗೆ ಮರಳಿದರು. ದೋಬಿ ಅಂದಿನಿಂದ ಇವರ ಬಟ್ಟೆಗೆ ಕೆಂಪು ದಾರದ ಗುರುತು ಹಾಕಿದ. ಅತ್ತೆ ತಪ್ಪಾಯಿತೆನ್ನಲಿಲ್ಲ, "ರೊಟ್ಟಿ ಬಡಿ" ಎಂದು ಹಿಟ್ಟಿನ ಪರಾತ ನನ್ನ ಮುಂದೆ ಸರಿಸಿದರು.

ಇವರ ಕತ್ತಿನಲ್ಲಿ ಈಗ ಕಲೆಯೂ ಇಲ್ಲ. ಆದರೆ ಇಂದಿಗೂ ಉಣ್ಣುವಾಗ ಇವರ ಕೈ ತಟ್ಟೆಯ ಮೇಲೆ ಒಂದು ಗಳಿಗೆ ನಿಂತರೆ ನನ್ನ ಮೈಯೆಲ್ಲ ಉರಿಯುತ್ತದೆ, ಅವರು ಹುಡುಕುತ್ತಿರುವುದು ಉಪ್ಪಿನ ಬಟ್ಟಲನ್ನು ಎಂದು ಗೊತ್ತಿದ್ದರೂ.